ಕೆಳಗೆ ಐಸ್, ಮೇಲೆ ಹಳಸಿದ ಸಾರು: ಬಾಟಮ್ ಫ್ರೀಜರ್ ಫ್ರಿಜ್‌ನ ಮನೆ ಆರೈಕೆ

ಬಕ್ರೀದ್ ಮುಗಿದು ಒಂದೆರಡು ವಾರ ಆಗುವಷ್ಟರಲ್ಲಿ ಕ್ಲಿನಿಕ್‌ಗೆ ಹೊಟ್ಟೆ ಕೆಟ್ಟವರು ಬರತೊಡಗುತ್ತಾರೆ. ವಾಂತಿ, ಭೇದಿ, ಹೊಟ್ಟೆ ಕಿವುಚಿದಂಥ ನೋವು. ಒಬ್ಬರಲ್ಲ, ಒಂದೇ ಮನೆಯ ಮೂರು ನಾಲ್ಕು ಮಂದಿ. ಏನು ತಿಂದಿರಿ ಎಂದು ವಿಚಾರಿಸಿದರೆ ಮೊನ್ನೆಯ ಬಿರಿಯಾನಿಯೋ ಅದಕ್ಕೂ ಹಿಂದಿನ ಸಾರೋ ಹೊರಬೀಳುತ್ತದೆ. “ಆದ್ರೆ ಡಾಕ್ಟ್ರೇ, ಫ್ರಿಜ್ಜಲ್ಲೇ ಇಟ್ಟಿದ್ವಲ್ಲ” ಎಂಬ ಮಾತು ತಪ್ಪದೆ ಬರುತ್ತದೆ. ಫ್ರಿಜ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಕೇಳಿದರೆ “ಏನೂ ತೊಂದ್ರೆ ಇಲ್ಲ, ಐಸ್ ಕಲ್ಲಿನ ಹಾಗೆ ಆಗ್ತಿದೆ” ಎನ್ನುತ್ತಾರೆ.

ಐಸ್ ಆಗುತ್ತಿದೆ ಎಂಬುದು ಫ್ರಿಜ್ ಸರಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಈಗ ಹಲವು ಮನೆಗಳಿಗೆ ಬಂದಿರುವ, ಫ್ರೀಜರ್ ಕೆಳಗೆ ಇರುವ ಮಾದರಿಯಲ್ಲಂತೂ ಖಂಡಿತ ಅಲ್ಲ. ಅಂಗಡಿಯವರು ಇದನ್ನು ಬಾಟಮ್ ಫ್ರೀಜರ್ ಎಂದೋ ಬಾಟಮ್ ಮೌಂಟ್ ಎಂದೋ ಕರೆಯುತ್ತಾರೆ. ಬಗ್ಗದೆ ತರಕಾರಿ, ಹಾಲು ತೆಗೆಯಬಹುದು ಎಂಬ ಕಾರಣಕ್ಕೆ ಸೊಂಟನೋವಿನ ರೋಗಿಗಳಿಗೆ ನಾನೂ ಇದನ್ನೇ ಹೇಳಿದ್ದಿದೆ. ಒಳ್ಳೆಯ ಯಂತ್ರವೇ. ಆದರೆ ಇದು ಕೆಡುವ ರೀತಿ ಬೇರೆ, ಅದನ್ನು ಮನೆಯವರು ತಿಳಿದಿರಬೇಕು.

ವೈದ್ಯನಿಗೆ ಫ್ರಿಜ್ ರಿಪೇರಿಯ ಉಸಾಬರಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಯುನಾನಿ ವೈದ್ಯ ಪದ್ಧತಿಯಲ್ಲಿ ಆರೋಗ್ಯ ಕಾಪಾಡುವ ಆರು ಅಗತ್ಯಗಳನ್ನು ಹೇಳುವಾಗ ಗಾಳಿಯ ಜೊತೆಗೇ ಆಹಾರ, ಪಾನೀಯ ಬರುತ್ತದೆ. ಶಾಖ ಮತ್ತು ತೇವ ಒಟ್ಟಾದಲ್ಲಿ ‘ಉಫೂನತ್’ ಅಂದರೆ ಕೊಳೆಯುವಿಕೆ ಹುಟ್ಟುತ್ತದೆ ಎಂದು ಹಳೆಯ ಹಕೀಮರು ಬರೆದಿದ್ದಾರೆ. ಬಗ್ದಾದ್‌ನಲ್ಲಿ ಆಸ್ಪತ್ರೆಗೆ ಜಾಗ ಆರಿಸುವ ಕೆಲಸ ಬಂದಾಗ ಹಕೀಮ್ ರಾಝಿಯವರು ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ಅದು ನಿಧಾನವಾಗಿ ಕೆಟ್ಟಿತೋ ಆ ಜಾಗವನ್ನೇ ಹಿಡಿದರು ಎಂಬ ಕಥೆಯಿದೆ. ಕಥೆಯೇ ಇರಬಹುದು, ಆದರೆ ಅದರ ಹಿಂದಿನ ವಿಚಾರ ಸರಿಯಾದದ್ದು. ನಮ್ಮ ಕರಾವಳಿಯಲ್ಲಿ ಶಾಖಕ್ಕೂ ತೇವಕ್ಕೂ ಕೊರತೆ ಇಲ್ಲ. ಆ ಎರಡನ್ನೂ ದೂರ ಇಡಲು ಮನೆಯಲ್ಲಿರುವುದು ಈ ಒಂದು ಪೆಟ್ಟಿಗೆ.

ತಂಪು ಹುಟ್ಟುವುದು ಎಲ್ಲಿ?

ಹಳೆಯ ಒಂದು ಬಾಗಿಲಿನ ಫ್ರಿಜ್‌ನಲ್ಲಿ ಐಸ್ ಪೆಟ್ಟಿಗೆ ಮೇಲಿರುತ್ತದೆ. ತಣ್ಣನೆಯ ಗಾಳಿಗೆ ಭಾರ ಹೆಚ್ಚು, ಅದು ತಾನಾಗಿಯೇ ಕೆಳಗಿಳಿದು ಉಳಿದ ಜಾಗವನ್ನು ತಂಪು ಮಾಡುತ್ತದೆ. ಬಾಟಮ್ ಫ್ರೀಜರ್‌ನಲ್ಲಿ ಇದು ತಲೆಕೆಳಗು. ಬಹುತೇಕ ಮಾದರಿಗಳಲ್ಲಿ ತಂಪು ಮಾಡುವ ಕಾಯಿಲ್ ಕೆಳಗಿನ ಫ್ರೀಜರ್‌ನ ಹಿಂಗೋಡೆಯ ಒಳಗೆ ಅಡಗಿರುತ್ತದೆ. ಅಲ್ಲಿ ಹುಟ್ಟಿದ ತಂಪನ್ನು ಒಂದು ಚಿಕ್ಕ ಫ್ಯಾನ್ ಹಿಂಭಾಗದ ಕೊಳವೆಯ ಮೂಲಕ ಮೇಲಕ್ಕೆ ತಳ್ಳಬೇಕು. ಮೇಲಿನ ಕೋಣೆಗೆ ತನ್ನದೇ ಆದ ತಂಪು ಇಲ್ಲ, ಕೆಳಗಿನಿಂದ ಬಂದದ್ದಷ್ಟೇ. ಮೇಲಿನ ಕೋಣೆಗೇ ಬೇರೆ ಕಾಯಿಲ್ ಇರುವ ಮಾದರಿಗಳೂ ಇವೆ, ಅವುಗಳ ಮಾತು ಮುಂದೆ ಬರುತ್ತದೆ.

ಇನ್ನು ‘ಫ್ರಾಸ್ಟ್ ಫ್ರೀ’ ಎಂಬ ಹೆಸರು. ಮಂಜು ಹಿಡಿಯುವುದೇ ಇಲ್ಲ ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಮಂಜು ಹಿಡಿಯುತ್ತದೆ, ಆದರೆ ನಮಗೆ ಕಾಣದ ಜಾಗದಲ್ಲಿ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ತೇವದ ಗಾಳಿ ಆ ಕಾಯಿಲ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಯಂತ್ರದೊಳಗಿನ ಒಂದು ಚಿಕ್ಕ ಹೀಟರ್ ಆಗಾಗ ಬಿಸಿಯಾಗಿ ಆ ಪದರವನ್ನು ಕರಗಿಸುತ್ತದೆ. ಕರಗಿದ ನೀರು ಒಂದು ರಂಧ್ರದ ಮೂಲಕ ಇಳಿದು, ಹಿಂಬದಿಯಲ್ಲಿ ಕಂಪ್ರೆಸರ್ ಹತ್ತಿರವಿರುವ ತಟ್ಟೆಗೆ ಬಿದ್ದು, ಕಂಪ್ರೆಸರ್‌ನ ಬಿಸಿಗೆ ಆರಿಹೋಗುತ್ತದೆ.

ಹೀಟರ್ ಕೆಟ್ಟರೆ, ಅಥವಾ ಬಾಗಿಲು ಸರಿಯಾಗಿ ಮುಚ್ಚದೆ ತೇವ ಒಳಗೆ ಹೋಗುತ್ತಲೇ ಇದ್ದರೆ ಪದರ ದಪ್ಪವಾಗುತ್ತಾ ಹೋಗಿ ಕಾಯಿಲ್ ಪೂರ್ತಿ ಮುಚ್ಚಿಹೋಗುತ್ತದೆ. ಗಾಳಿ ನುಸುಳಲು ದಾರಿ ಇರುವುದಿಲ್ಲ. ಫ್ರೀಜರ್ ಕಾಯಿಲ್‌ಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿನ ಐಸ್ ಇನ್ನೂ ಕೆಲವು ದಿನ ಗಟ್ಟಿಯಾಗೇ ಇರುತ್ತದೆ. ಮೇಲಿನ ಕೋಣೆ ಮಾತ್ರ ದಿನದಿಂದ ದಿನಕ್ಕೆ ಬೆಚ್ಚಗಾಗುತ್ತದೆ. ದೀಪ ಉರಿಯುತ್ತದೆ, ಕಂಪ್ರೆಸರ್ ಗುಂಯ್‌ಗುಡುತ್ತದೆ, ಮುಟ್ಟಿದರೆ ಸ್ವಲ್ಪ ತಂಪೂ ಅನಿಸುತ್ತದೆ. ಹೊರಗೆ 33 ಡಿಗ್ರಿ ಇರುವಾಗ 14 ಡಿಗ್ರಿಯ ಪಾತ್ರೆ ಕೈಗೆ ತಂಪಾಗಿಯೇ ತಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಹಾಯಾದ ಹವೆ.

ಕೈಯನ್ನು ನಂಬಬೇಡಿ

ಮೇಲಿನ ಕೋಣೆಯಲ್ಲಿ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು, ಫ್ರೀಜರ್‌ನಲ್ಲಿ ಮೈನಸ್ 18. ಇದನ್ನು ಅಳೆಯಲು ಫ್ರಿಜ್ ಥರ್ಮಾಮೀಟರ್ ಎಂದೇ ಒಂದು ಸಣ್ಣ ಸಾಧನ ಸಿಗುತ್ತದೆ, ಬೆಲೆ ಹೆಚ್ಚೇನಿಲ್ಲ. ಒಂದು ಲೋಟ ನೀರಿನಲ್ಲಿ ಅದನ್ನು ಇಳಿಬಿಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಯಾರೂ ಬಾಗಿಲು ತೆರೆಯುವ ಮೊದಲು ನೋಡಿ. ನೀರಿನಲ್ಲಿ ಇಡುವುದು ಯಾಕೆಂದರೆ ಬಾಗಿಲು ತೆರೆದ ಕ್ಷಣಕ್ಕೆ ಗಾಳಿಯ ಉಷ್ಣತೆ ಬದಲಾಗುತ್ತದೆ, ನೀರಿನದ್ದು ಬದಲಾಗುವುದಿಲ್ಲ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಅದರ ಅಂಕಿಗಳು ಇಷ್ಟು ಕೆಳಗೆ ಬರುವುದೇ ಇಲ್ಲ. ಪಾದರಸದ್ದಾದರೆ ಆಹಾರದ ಹತ್ತಿರಕ್ಕೂ ತರಬೇಡಿ. ಬಾಗಿಲ ಮೇಲೆ ಮಿನುಗುವ ಅಂಕಿಯೂ ಅನೇಕ ಮಾದರಿಗಳಲ್ಲಿ ನೀವು ಕೇಳಿದ ಉಷ್ಣತೆಯೇ ಹೊರತು ಒಳಗೆ ನಿಜವಾಗಿ ಇರುವುದಲ್ಲ.

ವಾಸನೆ ನೋಡಿ ತೀರ್ಮಾನಿಸುವ ಅಭ್ಯಾಸ ನಮ್ಮ ಹಿರಿಯರದ್ದು. ಹಳಸಿದ್ದನ್ನು ಮೂಗು ಹಿಡಿಯುತ್ತದೆ ನಿಜ. ಆದರೆ ಆಹಾರವನ್ನು ಹಳಸುವ ಬ್ಯಾಕ್ಟೀರಿಯಾ ಬೇರೆ, ಮನುಷ್ಯನನ್ನು ಮಲಗಿಸುವ ಬ್ಯಾಕ್ಟೀರಿಯಾ ಬೇರೆ. ಎರಡನೆಯದ್ದು ಎಷ್ಟೋ ಸಲ ವಾಸನೆಯನ್ನೂ ರುಚಿಯನ್ನೂ ಕೆಡಿಸುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬುದು ಬಿಟ್ಟುಹೋಗುವ ವಿಷವಂತೂ ಮತ್ತೆ ಕುದಿಸಿದರೂ ನಾಶವಾಗದು. “ಚೆನ್ನಾಗಿ ಬಿಸಿ ಮಾಡಿಯೇ ತಿಂದೆವು” ಎನ್ನುವವರಿಗೂ ವಾಂತಿ ಆಗುವುದು ಇದರಿಂದ. ಇನ್ನು ಲಿಸ್ಟೀರಿಯಾ ಎಂಬುದು ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು, ಗರ್ಭಿಣಿಯರಿಗೆ ಅದು ಅಪಾಯಕಾರಿ. ಮನೆಯಲ್ಲಿ ಬಸುರಿ ಹೆಂಗಸು, ಹಸುಗೂಸು, ವಯಸ್ಸಾದವರು ಅಥವಾ ಸಕ್ಕರೆ ಕಾಯಿಲೆಯವರು ಇದ್ದರೆ 5 ಡಿಗ್ರಿಯ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಪ್ಪತ್ತನಾಲ್ಕು ಗಂಟೆಯ ವಿಶ್ರಾಂತಿ

ಫ್ರೀಜರ್ ಗಟ್ಟಿ ಇದೆ, ಮೇಲೆ 10 ಡಿಗ್ರಿ ದಾಟಿದೆ ಎಂದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ನೋಡಬೇಕಾದದ್ದು ಇದೆ.

ಮೊದಲು ಗಾಳಿಯ ದಾರಿ. ಮೇಲಿನ ಕೋಣೆಯ ಹಿಂಗೋಡೆಯಲ್ಲಿ ಸೀಳುಗಳಂಥ ಕಿಂಡಿಗಳಿರುತ್ತವೆ. ಅದಕ್ಕೆ ಒತ್ತಿ ದೊಡ್ಡ ಪಾತ್ರೆ ಇಟ್ಟಿದ್ದರೆ ತಂಪು ಅಲ್ಲೇ ನಿಲ್ಲುತ್ತದೆ, ಆ ಪಾತ್ರೆಯೊಳಗಿನದ್ದು ಹೆಪ್ಪುಗಟ್ಟುತ್ತದೆ, ಉಳಿದದ್ದೆಲ್ಲ ಬೆಚ್ಚಗೆ. ತಟ್ಟೆಗಳ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಮ್ಯಾಟ್ ಹಾಸುವ ರೂಢಿ ನಮ್ಮಲ್ಲಿದೆ. ಗಾಜಿನ ತಟ್ಟೆಗೆ ಅದು ಬೇಕಿಲ್ಲ, ಜಾಲರಿ ತಟ್ಟೆಗೆ ಹಾಸಿದರೆ ಗಾಳಿಯ ಓಡಾಟವೇ ನಿಂತಂತೆ. ಕೆಳಗೆ ಫ್ರೀಜರ್ ಡ್ರಾಯರ್‌ಗಳ ಹಿಂದೆಯೂ ಬೆರಳಗಲ ಜಾಗ ಬಿಡಿ.

ನಂತರ ಫ್ಯಾನ್. ಬಾಗಿಲು ತೆರೆದಾಗ ಅನೇಕ ಮಾದರಿಗಳಲ್ಲಿ ಫ್ಯಾನ್ ನಿಲ್ಲುತ್ತದೆ. ಬಾಗಿಲ ಅಂಚಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು, ಕಂಪ್ರೆಸರ್ ಓಡುತ್ತಿರುವಾಗ ಒಳಗೆ ಕಿವಿಗೊಡಿ. ಸಣ್ಣ ಗಾಳಿಯ ಸದ್ದು ಕೇಳಬೇಕು. ಕರಕರ ಎಂದು ಏನೋ ತಾಗಿದಂತೆ ಕೇಳಿದರೆ ಫ್ಯಾನ್‌ನ ರೆಕ್ಕೆಗೆ ಮಂಜುಗಡ್ಡೆ ಹೊಡೆಯುತ್ತಿದೆ ಎಂದು ತಿಳಿಯಬಹುದು.

ಇವೆರಡೂ ಆದ ಮೇಲೆ ಯಂತ್ರಕ್ಕೆ ಪೂರ್ತಿ ವಿಶ್ರಾಂತಿ ಕೊಡಿ. ಪ್ಲಗ್ ಕಿತ್ತು, ಎಲ್ಲವನ್ನೂ ಹೊರಗೆ ತೆಗೆದು, ಎರಡೂ ಬಾಗಿಲುಗಳನ್ನು ತೆರೆದಿಡಿ. ಹೆಪ್ಪುಗಟ್ಟಿದ ಮಾಂಸ, ಮೀನನ್ನು ನೆರೆಮನೆಯ ಫ್ರೀಜರ್‌ಗೋ ದೊಡ್ಡ ಥರ್ಮಕೋಲ್ ಪೆಟ್ಟಿಗೆಗೋ ಸೇರಿಸಿ. ನೆಲದ ಮೇಲೆ ಹಳೆಯ ಬಟ್ಟೆ ಹಾಸಿ. ಒಂದು ರಾತ್ರಿ ಸಾಲದು, ಕಾಯಿಲ್ ಹಿಂಗೋಡೆಯ ಒಳಗಿರುವುದರಿಂದ 24 ಗಂಟೆ ಬೇಕು. ಅವಸರವೆಂದು ಫ್ರೀಜರ್ ಒಳಗೆ ಬಿಸಿನೀರಿನ ಪಾತ್ರೆ ಇಡುವುದಾದರೆ ಮಣೆಯ ಮೇಲೆ ಇಡಿ. ಚಾಕು, ಸ್ಕ್ರೂಡ್ರೈವರ್‌ನಿಂದ ಮಂಜು ಕೆತ್ತುವ ಕೆಲಸ ಮಾತ್ರ ಬೇಡವೇ ಬೇಡ. ಕಾಯಿಲ್ ಮೆತ್ತಗಿನ ಲೋಹದ್ದು, ಒಂದು ಚುಚ್ಚಿಗೆ ತೂತಾಗಿ ಗ್ಯಾಸ್ ಹೊರಹೋಗುತ್ತದೆ. ಈಗಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಎಂಬುದು ಐಸೋಬ್ಯೂಟೇನ್, ಬೆಂಕಿ ಹತ್ತುವ ಅನಿಲ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುವಾಗ ಇಂಥ ಸಾಹಸ ಯಾರಿಗೂ ಬೇಡ.

ಮತ್ತೆ ಚಾಲೂ ಮಾಡಿದ ಮೇಲೆ ಏನಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಫ್ರಿಜ್ ತಂಪಾಗಿ, ತಿಂಗಳುಗಟ್ಟಲೆ ಹಾಗೇ ಉಳಿದರೆ ಎಂದೋ ಬಾಗಿಲು ತೆರೆದುಳಿದು ಮಂಜು ತುಂಬಿತ್ತು ಎಂದರ್ಥ. ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಮೇಲೆ ಬೆಚ್ಚಗಾದರೆ ಮಂಜು ಕರಗಿಸುವ ವ್ಯವಸ್ಥೆಯೇ ಕೆಟ್ಟಿದೆ, ಅಂದರೆ ಹೀಟರ್, ಸೆನ್ಸರ್, ಫ್ಯೂಸ್ ಇಂಥದ್ದೇನೋ. ಅದು ಮೆಕ್ಯಾನಿಕ್‌ನ ಕೆಲಸ, ಹಿಂಗೋಡೆಯ ತಗಡನ್ನು ನೀವು ಬಿಚ್ಚಬೇಡಿ. ಒಳಗೆ ಕಾಯಿಲ್‌ನ ಅಂಚುಗಳು ಬ್ಲೇಡಿನಂತಿರುತ್ತವೆ, ವಯರ್‌ಗಳೂ ಇರುತ್ತವೆ.

ನೀರು, ತಟ್ಟೆ, ಸೊಳ್ಳೆ

ಫ್ರೀಜರ್‌ನ ಕೆಳಗಿನ ಡ್ರಾಯರ್ ಎಳೆಯಲು ಬಾರದೆ ಅಂಟಿಕೊಂಡಿದೆಯೇ? ಅದರಡಿ ಗಾಜಿನ ಹಾಳೆಯಂತೆ ಐಸ್ ಹರಡಿದೆಯೇ? ಬೆಳಿಗ್ಗೆ ಎದ್ದಾಗ ಫ್ರಿಜ್ ಮುಂದೆ ನೀರು ನಿಂತಿರುತ್ತದೆಯೇ? ಕರಗಿದ ನೀರು ಇಳಿಯುವ ರಂಧ್ರ ಕಟ್ಟಿಕೊಂಡಿದೆ. ಬಾಟಮ್ ಫ್ರೀಜರ್‌ಗಳಲ್ಲಿ ಇದು ಸಾಮಾನ್ಯ ದೂರು. ಮೇಲೆ ಹೇಳಿದ 24 ಗಂಟೆಯ ವಿಶ್ರಾಂತಿಯಲ್ಲಿ ಕೊಳವೆಯೊಳಗಿನ ಐಸ್ ಕೂಡ ಕರಗಿ ಬಹುತೇಕ ಸಲ ದಾರಿ ಬಿಡುತ್ತದೆ.

ಮೇಲಿನ ಕೋಣೆಗೆ ಬೇರೆ ಕಾಯಿಲ್ ಇರುವ ಮಾದರಿಗಳಲ್ಲಿ ಹಿಂಗೋಡೆಯ ಬುಡದಲ್ಲಿ, ತರಕಾರಿ ಪೆಟ್ಟಿಗೆಯ ಹಿಂದೆ ಒಂದು ಸಣ್ಣ ರಂಧ್ರ ಕಣ್ಣಿಗೇ ಕಾಣುತ್ತದೆ. ಕೊತ್ತಂಬರಿ ಎಲೆಯೋ ಈರುಳ್ಳಿ ಸಿಪ್ಪೆಯೋ ಅದರಲ್ಲಿ ಸಿಕ್ಕಿಕೊಂಡರೆ ತರಕಾರಿ ಪೆಟ್ಟಿಗೆಯ ಅಡಿ ನೀರು ತುಂಬುತ್ತದೆ. ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ದೊಡ್ಡ ಸಿರಿಂಜ್ ತಂದು, ಉಗುರು ಬೆಚ್ಚಗಿನ ನೀರಿಗೆ ಚಿಟಿಕೆ ಅಡುಗೆ ಸೋಡಾ ಬೆರೆಸಿ ನಿಧಾನವಾಗಿ ಒತ್ತಿ. ಮುಂಬದಿಯಲ್ಲಿ ನೀರು ನಿಲ್ಲದೆ ಹಿಂದಿನ ತಟ್ಟೆಗೆ ಇಳಿದರೆ ಕೆಲಸವಾಯಿತು. ತಂತಿ ತುರುಕಬೇಡಿ.

ಆ ಹಿಂದಿನ ತಟ್ಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಯಾರೂ ಅತ್ತ ನೋಡುವುದಿಲ್ಲ. ಬೇಸಿಗೆಯಲ್ಲಿ ಅದರ ನೀರು ಆರಿಹೋಗುತ್ತದೆ. ಮಳೆಗಾಲದಲ್ಲಿ ಹವೆಯೇ ಒದ್ದೆ ಇರುವಾಗ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ಸ್ವಚ್ಛ, ಅಲುಗದ, ನೆರಳಿನ ನೀರೇ. ಮೊಟ್ಟೆ ಇಟ್ಟು ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಮನೆ ಸುತ್ತ ತೆಂಗಿನ ಚಿಪ್ಪು, ಟೈರು ಎಲ್ಲ ತೆಗೆಸಿ, ಅಡುಗೆಮನೆಯಲ್ಲೇ ಸೊಳ್ಳೆ ಸಾಕುವ ಮನೆಗಳಿವೆ! ಜೂನ್‌ನಿಂದ ಅಕ್ಟೋಬರ್ ತನಕ ವಾರಕ್ಕೊಂದು ದಿನ, ಶುಕ್ರವಾರ ಎಂದಿಟ್ಟುಕೊಳ್ಳಿ, ಪ್ಲಗ್ ತೆಗೆದು ಆ ತಟ್ಟೆಯನ್ನು ನೋಡಿ. ಹೊರಗೆ ಬರುವಂಥದ್ದಾದರೆ ತೊಳೆದು ಒರೆಸಿ ಇಡಿ. ಬಾರದಿದ್ದರೆ ಬಟ್ಟೆಯಿಂದ ನೀರು ಹೀರಿ, ಒಳಬದಿಯನ್ನು ಉಜ್ಜಿ ಒರೆಸಿ. ಈಡಿಸ್‌ನ ಮೊಟ್ಟೆಗಳು ತಟ್ಟೆಯ ಗೋಡೆಗೇ ಅಂಟಿಕೊಂಡಿರುತ್ತವೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ. ಈ ಕೆಲಸ ಮನೆಯ ಗಂಡಸರದ್ದಾಗಲಿ.

ಬಾಗಿಲಿನ ರಬ್ಬರ್ ನೋಡಲು ಒಂದು ಹತ್ತು ರೂಪಾಯಿ ನೋಟು ಸಾಕು. ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿದ ಜಾಗದಲ್ಲಿ ತೇವ ಒಳಹೋಗುತ್ತಿದೆ. ಸಾಮಾನ್ಯವಾಗಿ ರಬ್ಬರ್ ಹಾಳಾಗಿರುವುದಿಲ್ಲ, ಸಾರಿನ ಜಿಡ್ಡು ಹಿಡಿದಿರುತ್ತದೆ. ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಕೊನೆಗೆ ಒಣ ಬಟ್ಟೆ. ಮಡಚಿಕೊಂಡಿದ್ದರೆ ಹೇರ್ ಡ್ರೈಯರ್‌ನಿಂದ ದೂರದಿಂದಲೇ ಸ್ವಲ್ಪ ಬಿಸಿ ತಾಗಿಸಿ ಕೈಯಿಂದ ನೇರ ಮಾಡಬಹುದು. ಫ್ರಿಜ್‌ನ ಮುಂದಿನ ಕಾಲುಗಳನ್ನು ತಿರುಗಿಸಿ ಒಂದಿಷ್ಟು ಎತ್ತರ ಮಾಡಿಟ್ಟರೆ ಬಾಗಿಲು ತಾನೇ ಹೋಗಿ ಮುಚ್ಚಿಕೊಳ್ಳುತ್ತದೆ, ಮಕ್ಕಳಿರುವ ಮನೆಗೆ ಇದು ಅನುಕೂಲ.

ಹೊರಮೈಗೂ ಉಸಿರಾಡಲು ಜಾಗ ಬೇಕು. ಒಳಗಿನಿಂದ ತೆಗೆದ ಬಿಸಿಯನ್ನು ಯಂತ್ರ ಹೊರಗೆ ಬಿಡಬೇಕಲ್ಲ? ಈಗಿನ ಅನೇಕ ಮಾದರಿಗಳಲ್ಲಿ ಆ ಬಿಸಿ ಕೊಳವೆಗಳು ಎರಡು ಪಕ್ಕಗಳ ತಗಡಿನ ಒಳಗೇ ಇರುತ್ತವೆ. ಪಕ್ಕ ಬಿಸಿಯಾಗುತ್ತದೆ ಎಂದು ಹೆದರಬೇಕಿಲ್ಲ, ಆದರೆ ಜೇಬುಗಳಿರುವ ಕಸೂತಿಯ ಕವರ್ ಹೊದಿಸಿ ಆ ಬಿಸಿಯನ್ನು ಕಟ್ಟಿಹಾಕಬೇಡಿ. ಗೋಡೆಗೆ ಒತ್ತಿ ನಿಲ್ಲಿಸಬೇಡಿ. ಹಿಂದೆ ಅಥವಾ ಅಡಿಯಲ್ಲಿ ಕಾಯಿಲ್ ಕಾಣುವಂತಿದ್ದರೆ ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಮೆತ್ತಗಿನ ಬ್ರಷ್‌ನಿಂದ ಧೂಳು ಕೊಡವಿ.

ಒಳಗೆ ಒರೆಸಲು ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಸಾಕು. ರಬ್ಬರ್‌ನಲ್ಲಿ ಕಪ್ಪು ಬೂಷ್ಟು ಬಂದಿದ್ದರೆ ಸಿರ್ಕಾ ಬಳಸಬಹುದು. ಸಿರ್ಕಾ ಮತ್ತು ಬ್ಲೀಚಿಂಗ್ ದ್ರವವನ್ನು ಯಾವ ಕಾರಣಕ್ಕೂ ಒಟ್ಟಿಗೆ ಬಳಸಬೇಡಿ, ಅದರಿಂದ ಏಳುವ ಕ್ಲೋರಿನ್ ಶ್ವಾಸಕೋಶಕ್ಕೆ ವಿಷ.

ಹಬ್ಬದ ಭಾರ

ಈಗ ಕೆಲವು ವರ್ಷಗಳಿಂದ ಬಕ್ರೀದ್ ಮೇ, ಜೂನ್‌ನಲ್ಲಿ ಬೀಳುತ್ತಿದೆ. ಸೆಖೆಯ ಕೊನೆ, ಮಳೆಯ ಮೊದಲು, ಮೊದಲ ಗಾಳಿಗೇ ಕರೆಂಟು ಹೋಗುವ ಕಾಲ. ವರ್ಷವಿಡೀ ಎರಡು ಕಿಲೋ ಮೀನು ಕಂಡ ಫ್ರೀಜರ್‌ಗೆ ಆ ಒಂದು ಮಧ್ಯಾಹ್ನ ಹತ್ತು ಹದಿನೈದು ಕಿಲೋ ಮಾಂಸ ತುಂಬುತ್ತೇವೆ. ಅದೂ ಬಿಸಿ ಆರದ ಮಾಂಸ. ಮಾಂಸದ ಸುಮಾರು ಮುಕ್ಕಾಲು ಪಾಲು ನೀರು, ಅಷ್ಟನ್ನೂ ಐಸ್ ಮಾಡಬೇಕು. ಮನೆಯ ಫ್ರೀಜರ್ ಒಂದು ದಿನಕ್ಕೆ ಹೆಪ್ಪುಗಟ್ಟಿಸಬಲ್ಲದ್ದು ಕೆಲವೇ ಕಿಲೋ. ಹೆಚ್ಚು ತುಂಬಿದರೆ ನಡುವಿನ ಪೊಟ್ಟಣಗಳು ಮರುದಿನವೂ ಮೆತ್ತಗಿರುತ್ತವೆ. ಫ್ರೀಜರ್ ತನ್ನ ಕೆಲಸದಲ್ಲೇ ಮುಳುಗಿರುವಾಗ ಮೇಲಿನ ಕೋಣೆಗೆ ತಂಪು ಸಿಗುವುದಿಲ್ಲ, ಅಲ್ಲಿನ ಹಾಲು, ಅನ್ನ, ಸಾರು ಕೆಡುತ್ತದೆ. ಹಬ್ಬದ ನಂತರದ ಹೊಟ್ಟೆನೋವಿಗೆ ಕುರ್ಬಾನಿಯ ಮಾಂಸ ಕಾರಣ ಎಂದು ದೂರುವವರಿದ್ದಾರೆ. ಎಷ್ಟೋ ಸಲ ಮಾಂಸ ನಿರ್ದೋಷಿ, ತಪ್ಪು ಅದರ ಮೇಲಿದ್ದ ಪಾತ್ರೆಗಳದ್ದು.

ಹಬ್ಬಕ್ಕೆ ಒಂದು ವಾರ ಮೊದಲು ಹಳೆಯದನ್ನೆಲ್ಲ ತಿಂದು ಮುಗಿಸಿ, 24 ಗಂಟೆಯ ವಿಶ್ರಾಂತಿಯನ್ನು ಆಗಲೇ ಕೊಟ್ಟುಬಿಡಿ. ಹಿಂದಿನ ರಾತ್ರಿ ಕ್ವಿಕ್ ಫ್ರೀಜ್ ಬಟನ್ ಇದ್ದರೆ ಒತ್ತಿಡಿ. ಮಾಂಸ ಬಂದಾಗ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಮೇಲಿನ ಕೋಣೆಯಲ್ಲಿ ತಣಿಯಲು ಬಿಡಿ, ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಜಬಹ್ ಆದ ಕೂಡಲೇ ಬಿಸಿಬಿಸಿಯಾಗಿ ಫ್ರೀಜರ್‌ಗೆ ತುರುಕಿದ ಮಾಂಸದ ಸ್ನಾಯು ಬಿಗಿದುಕೊಂಡು, ಮುಂದೆ ಎಷ್ಟು ಬೇಯಿಸಿದರೂ ರಬ್ಬರ್‌ನಂತಿರುತ್ತದೆ. ತಣಿದ ಮೇಲೆ ಅರ್ಧ ಕಿಲೋದ ಚಪ್ಪಟೆ ಪೊಟ್ಟಣ ಮಾಡಿ, ತಾರೀಕು ಬರೆದು, ಒಂದರ ಮೇಲೊಂದು ಪೇರಿಸದೆ ಹರಡಿ ಇಡಿ. ಗಟ್ಟಿಯಾದ ಮೇಲೆ ಪೇರಿಸಬಹುದು. ಲಿವರ್ ಮತ್ತು ಕೈಮಾ ಮೇಲಿನ ಕೋಣೆಯಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಬಾಳದು, ಫ್ರೀಜರ್‌ನಲ್ಲಿ ಮೂರು ನಾಲ್ಕು ತಿಂಗಳು. ಮೂಳೆಸಹಿತ ತುಂಡುಗಳು ಆರು ತಿಂಗಳು ಆರಾಮವಾಗಿ ಇರುತ್ತವೆ.

ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಕರಗಿಸುವಾಗ ಅವು ಏಳುತ್ತವೆ. ಆದ್ದರಿಂದ ಕರಗಿಸುವುದೂ ಮೇಲಿನ ಕೋಣೆಯಲ್ಲೇ, ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ, ಆಳವಾದ ಪಾತ್ರೆಯಲ್ಲಿ. ರಕ್ತದ ನೀರು ಸಲಾಡಿನ ಸೌತೆಕಾಯಿಗೆ ತಾಗಬಾರದು. ಬಿರಿಯಾನಿಯನ್ನು ಹಂಡಿಯ ಸಮೇತ ಫ್ರಿಜ್‌ನಲ್ಲಿಟ್ಟರೆ ಅದರ ನಡುಭಾಗ ತಣಿಯಲು ರಾತ್ರಿಯೇ ಬೇಕು. ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ. ಬೇಯಿಸಿದ್ದನ್ನು ಮೂರು ನಾಲ್ಕು ದಿನದೊಳಗೆ ಮುಗಿಸಿ, ತಿನ್ನುವಷ್ಟನ್ನು ಮಾತ್ರ ಹಬೆ ಏಳುವಂತೆ ಬಿಸಿ ಮಾಡಿ.

ಕರೆಂಟು ಹೋದರೆ ಬಾಗಿಲು ತೆರೆಯದಿರುವುದೇ ಮದ್ದು. ಮುಚ್ಚಿದ ಬಾಗಿಲಿನಲ್ಲಿ ಮೇಲಿನ ಕೋಣೆ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಾಳುತ್ತದೆ. ಊರಿಗೋ ಉಮ್ರಾಕ್ಕೋ ಹೋಗುವವರು ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದು ನೋಡುವಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳದಲ್ಲಿದ್ದರೆ ಫ್ರೀಜರ್ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ, ಒಳಗಿನದ್ದನ್ನು ತಿನ್ನಬೇಡಿ.

ಎಸೆದರೆ ಇಸ್ರಾಫ್ ಆಗುವುದಿಲ್ಲವೇ ಎಂದು ತಾಯಂದಿರು ಕೇಳುತ್ತಾರೆ, ಅದರಲ್ಲೂ ಕುರ್ಬಾನಿಯ ಮಾಂಸವಾದರೆ. ನನ್ನ ಉತ್ತರ ಒಂದೇ: ಇಸ್ರಾಫ್ ಆಗುವುದು ಎಸೆಯುವ ದಿನ ಅಲ್ಲ, ಫ್ರೀಜರ್ ತಾಳುವುದಕ್ಕಿಂತ ಹೆಚ್ಚು ಕೂಡಿಟ್ಟ ದಿನ. ಹಬ್ಬದ ದಿನ ಸಂಜೆಯೊಳಗೆ ಹಂಚಿದ ಮಾಂಸ ಯಾರ ಫ್ರಿಜ್‌ನಲ್ಲೂ ಕೆಡುವುದಿಲ್ಲ.

ಮದ್ದುಗಳ ವಿಷಯ

ಇನ್ಸುಲಿನ್ ಬಳಸುವವರು ನನ್ನಲ್ಲಿಗೂ ಬರುತ್ತಾರೆ. ಸಕ್ಕರೆ ಯಾಕೋ ಇಳಿಯುತ್ತಿಲ್ಲ ಎಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಬಾಟಲಿ ಫ್ರಿಜ್‌ನಲ್ಲಿ ಎಲ್ಲಿ ಇಡುತ್ತೀರಿ ಎಂಬುದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಗಾಳಿ ಕಿಂಡಿಗೆ ತಾಗಿಸಿ ಇಟ್ಟರೆ ಅದು ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಕೆಲಸಕ್ಕೆ ಬಾರದು, ಎಸೆಯಲೇಬೇಕು. ನಡುವಿನ ತಟ್ಟೆಯಲ್ಲಿ, ಮುಂಭಾಗಕ್ಕೆ, ಅದರ ಡಬ್ಬಿಯೊಳಗೇ ಇಡಿ. ಫ್ರಿಜ್ ಕೆಟ್ಟು ದಿನಗಟ್ಟಲೆ ಬೆಚ್ಚಗಿತ್ತು ಎಂದಾದರೆ ಇನ್ಸುಲಿನ್ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ ಕೇಳಿ, ಊಹೆಯಿಂದ ಪ್ರಮಾಣ ಏರಿಸಬೇಡಿ.

ಯುನಾನಿಯ ಮಾಜೂನ್, ಖಮೀರಾಗಳನ್ನು ಕೆಲವರು ಭಕ್ತಿಯಿಂದ ಫ್ರಿಜ್‌ನಲ್ಲಿಡುತ್ತಾರೆ. ಜೇನು ಅಥವಾ ಸಕ್ಕರೆಯ ಪಾಕದಲ್ಲಿ ಮಾಡಿದ ಇವಕ್ಕೆ ತಂಪಾದ, ಒಣಗಿದ ಕಪಾಟು ಸಾಕು. ಅವುಗಳ ಶತ್ರು ಒದ್ದೆ ಚಮಚ.

ಭೇದಿ ಶುರುವಾದವರಿಗೆ ಒಆರ್‌ಎಸ್ ಕೊಡುತ್ತಾ ಇರಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೆಕ್ಯಾನಿಕ್ ಬಂದಾಗ

“ಗ್ಯಾಸ್ ಮುಗಿದಿದೆ, ತುಂಬಿಸಬೇಕು.” ಫ್ರಿಜ್ ಮುಟ್ಟುವ ಮೊದಲೇ ಈ ಮಾತು ಹೇಳುವವರಿದ್ದಾರೆ. ಫ್ರಿಜ್‌ನ ಗ್ಯಾಸ್ ಸ್ಕೂಟರ್‌ನ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖರ್ಚಾಗಲು. ಮುಚ್ಚಿದ ಕೊಳವೆಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಸೋರಿದ ಜಾಗ ಮುಚ್ಚದೆ ತುಂಬಿಸಿದ್ದು ಮತ್ತೆ ಸೋರುತ್ತದೆ. ಗ್ಯಾಸ್ ನಿಜಕ್ಕೂ ಕಡಿಮೆಯಾದ ಫ್ರಿಜ್‌ನಲ್ಲಿ ಕೆಳಗಿನ ಫ್ರೀಜರ್ ಕೂಡ ಸೋಲುತ್ತದೆ, ಐಸ್ ಸರಿಯಾಗಿ ಆಗುವುದಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಕೆಳಗೆ ಕಲ್ಲಿನಂಥ ಐಸ್ ಇದ್ದು ಮೇಲೆ ಮಾತ್ರ ಬೆಚ್ಚಗಿದ್ದರೆ ಮೊದಲು ಹಿಂಗೋಡೆ ಬಿಚ್ಚಿ ಕಾಯಿಲ್ ತೋರಿಸಲು ಹೇಳಿ. ಹೀಟರ್, ಸೆನ್ಸರ್, ಫ್ಯಾನ್, ಮೇಲಕ್ಕೆ ಗಾಳಿ ಬಿಡುವ ಕವಾಟ, ಇವಿಷ್ಟನ್ನು ಪರೀಕ್ಷಿಸಿದ ಮೇಲೆ ಗ್ಯಾಸಿನ ಮಾತು.

ಗ್ಯಾಸ್ ತುಂಬಿಸಲೇಬೇಕಾದರೆ ಫ್ರಿಜ್‌ನ ಹಿಂದಿನ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ, ಅದೇ ಗ್ಯಾಸ್, ಅಷ್ಟೇ ತೂಕ. ಆರ್-600ಎ ಆದರೆ ಆ ಗ್ಯಾಸ್‌ನಲ್ಲಿ ಕೆಲಸ ಮಾಡಿ ಗೊತ್ತಿರುವವರೇ ಬೇಕು, ಕಿಟಕಿ ತೆರೆದಿರಬೇಕು, ಒಲೆ ಆರಿರಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್‌ನಲ್ಲಿ ಏನು ಬದಲಿಸಿದರು ಎಂದು ಬರೆಸಿಕೊಳ್ಳಿ. ಆತ ಹೋದ ಮರುದಿನ ಬೆಳಿಗ್ಗೆ ಲೋಟದ ನೀರಿನಲ್ಲಿ ಥರ್ಮಾಮೀಟರ್ 5ರ ಕೆಳಗೆ ಇಳಿದಿದೆಯೇ ನೋಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿ.